ರಕ್ತದಲ್ಲಿ ಪ್ರತಿಕಾಯ ಎಷ್ಟಿರಬೇಕು?

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವನ್ನು ನಾಡಿನ ಜನರು ಸಂಗೀತಗಾರರ ಊರೆಂದೇ ಬಲ್ಲರು. ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದ್ದು ಇಲ್ಲಿಯೇ, ತ್ಯಾಗರಾಜನ್ ಮತ್ತು ತಾರಾನಾಥನ್ ಎಂಬ ಸೋದರರು ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು ಕಚೇರಿ ಮಾಡಿದರು, ವಿದ್ವಾನ್ ಆರ್. ಕೆ. ಪದ್ಮನಾಭರ ಶ್ರಮದಿಂದ ಎದ್ದುನಿಂತ, ತಂಬೂರಿಯ ಆಕೃತಿಯ ಸಪ್ತಸ್ವರ ದೇವತಾ ಮಂದಿರವು ಈಗ ಊರಿನ ಗುರುತೇ ಆಗಿದೆ. ಇಂಥ ಊರಿನಲ್ಲಿ ನಿಂತು ‘ಸರಿಯಾದ ಶ್ರುತಿ ಯಾವುದು?’ ಎಂದು ಯಾರಾದರೂ ಕೇಳಿದಲ್ಲಿ, ‘ಯಾರಿಗೆ?’ ಎಂಬ ಮರುಪ್ರಶ್ನೆಯೇ ಉತ್ತರವಾಗಿ ಬಂದೀತು. ಬಾಲಕನ ಕಂಠಕ್ಕೆ ಒಪ್ಪಿದ ಶ್ರುತಿ, ಕಂಠ ಒಡೆದ ತರುಣನಿಗೆ ಒಗ್ಗದು. ರಕ್ತಪರೀಕ್ಷೆಯ ಚೀಟಿಯನ್ನು ಕೈಯಲ್ಲಿ ಹಿಡಿದು ‘ಪ್ರತಿಕಾಯ ಎಷ್ಟಿರಬೇಕು?’ ಎಂದು ಕೇಳುವ ತಾಯಿಗೂ ವೈದ್ಯನಾದವನು ಹೇಳಬೇಕಾದ ಮೊದಲ ಮಾತು ಅದೇ: ಯಾರಿಗೆ, ಯಾವ ವಯಸ್ಸಿನವರಿಗೆ, ಯಾವ ನೆಲದವರಿಗೆ?

ಪ್ರತಿಕಾಯಗಳೆಂದರೆ ನಮ್ಮ ರಕ್ತದಲ್ಲಿ ಕರಗಿಕೊಂಡು ಸಂಚರಿಸುವ ಒಂದು ಬಗೆಯ ಪ್ರೋಟೀನುಗಳು. ರೋಗಾಣುವೊಂದು ದೇಹವನ್ನು ಹೊಕ್ಕಾಗ ಬಿ-ಲಿಂಫೊಸೈಟ್ ಎಂಬ ಬಿಳಿಯ ರಕ್ತಕಣಗಳ ಸಂತತಿಯು ಅದಕ್ಕೆಂದೇ ತಯಾರಿಸುವ, ಆ ರೋಗಾಣುವಿಗೆ ಮಾತ್ರ ಕಚ್ಚಿಕೊಳ್ಳಬಲ್ಲ ಈ ಪ್ರೋಟೀನುಗಳಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬುದು ಶಾಸ್ತ್ರೀಯವಾದ ಹೆಸರು. ಪ್ರಯೋಗಾಲಯದವರ ಬಾಯಲ್ಲಿ ಅದು ‘ಐಜಿ’ ಎಂದು ಮೊಟಕಾಗಿದೆ. ಐಜಿಜಿ, ಐಜಿಎ, ಐಜಿಎಂ, ಐಜಿಡಿ, ಐಜಿಇ ಎಂದು ಇವುಗಳಲ್ಲಿ ಐದು ವರ್ಗಗಳುಂಟು. ರಕ್ತದಲ್ಲಿರುವ ಒಟ್ಟು ಪ್ರತಿಕಾಯದ ಮುಕ್ಕಾಲು ಪಾಲಿಗೂ ಮಿಗಿಲಾದುದು ಐಜಿಜಿ. ಸೋಂಕು ತಗುಲಿದ ಕೂಡಲೆ ಮೊದಲಿಗೆ ಹೊರಡುವುದು ಐಜಿಎಂ. ಐದು ಘಟಕಗಳು ಒಂದುಗೂಡಿ ಆದ ಇದರ ಕಾಯ ದೊಡ್ಡದು, ಆಯುಷ್ಯ ಕಿರಿದು. ಕರುಳು, ಮೂಗು, ಗಂಟಲುಗಳ ಒಳಪೊರೆಯ ಮೇಲೆ ಕಾವಲಿರುವುದು ಐಜಿಎ. ಐಜಿಇಯಂತೂ ಉಳಿದವುಗಳೆದುರಿಗೆ ಅತ್ಯಲ್ಪ. ಐಜಿಜಿಯ ಪ್ರಮಾಣ ಅದರ ಹತ್ತಾರು ಸಾವಿರ ಪಟ್ಟು ಇರುತ್ತದೆ. ಆದರೂ ಅಲರ್ಜಿಯಿಂದ ನರಳುವವರಿಗೂ, ಹೊಟ್ಟೆಯಲ್ಲಿ ಜಂತು ಇರುವವರಿಗೂ ಆ ಅತ್ಯಲ್ಪವೇ ದೊಡ್ಡ ಸಂಗತಿ.

ರಕ್ತದಲ್ಲಿ ಇಂಥದೊಂದು ರಕ್ಷಕ ಶಕ್ತಿ ಇದೆಯೆಂಬುದನ್ನು ಜರ್ಮನಿಯ ಬೆಹ್ರಿಂಗ್ ಮತ್ತು ಜಪಾನಿನ ಕಿಟಾಸಾಟೊ 1890ರಲ್ಲಿಯೇ ಡಿಫ್ತೀರಿಯ ಹಾಗೂ ಧನುರ್ವಾಯುಗಳ ವಿಷಯದಲ್ಲಿ ತೋರಿಸಿಕೊಟ್ಟಿದ್ದರು. ಆದರೆ ಆ ಶಕ್ತಿಯನ್ನು ಹೊತ್ತ ವಸ್ತು ಯಾವುದು ಎಂಬುದು ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. ಸ್ವೀಡನ್ನಿನ ಟಿಸೇಲಿಯಸ್ ವಿದ್ಯುತ್ತಿನ ಸೆಳೆತದಿಂದ ಸೀರಮ್ಮಿನ ಪ್ರೋಟೀನುಗಳನ್ನು ಪಂಗಡ ಪಂಗಡವಾಗಿ ಬೇರ್ಪಡಿಸುವ ವಿಧಾನವನ್ನು ರೂಪಿಸಿದನು. ಅವನೂ ಅಮೆರಿಕದ ಕಬಾಟನೂ ಕೂಡಿ, ಪ್ರತಿಕಾಯಗಳು ಸೇರಿರುವುದು ಗ್ಯಾಮಾ ಗ್ಲಾಬ್ಯುಲಿನ್ ಎಂಬ ಪಂಗಡದಲ್ಲಿ ಎಂದು 1939ರಲ್ಲಿ ಸ್ಥಾಪಿಸಿದರು. ಅಲ್ಲಿಂದ ಹದಿಮೂರು ವರ್ಷಗಳ ತರುವಾಯ, ಅಮೆರಿಕದ ಸೈನ್ಯಾಸ್ಪತ್ರೆಯೊಂದರಲ್ಲಿ ಕರ್ನಲ್ ಆಗ್ಡನ್ ಬ್ರೂಟನ್ ಎಂಬ ವೈದ್ಯನ ಬಳಿಗೆ ಮೇಲಿಂದ ಮೇಲೆ ನಂಜೇರಿ ಮಲಗುತ್ತಿದ್ದ ಎಂಟು ವರ್ಷದ ಬಾಲಕನೊಬ್ಬನು ಬಂದನು. ಅವನ ಸೀರಮ್ಮನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ನೋಡಿದಾಗ, ಗ್ಯಾಮಾ ಗ್ಲಾಬ್ಯುಲಿನ್ ಇರಬೇಕಾದ ಎಡೆಯಲ್ಲಿ ಏನೂ ಇರಲಿಲ್ಲ. ಅನ್ಯರ ರಕ್ತದಿಂದ ಸಂಗ್ರಹಿಸಿದ ಗ್ಯಾಮಾ ಗ್ಲಾಬ್ಯುಲಿನ್ನನ್ನು ತಿಂಗಳು ತಿಂಗಳೂ ಚರ್ಮದಡಿಗೆ ಚುಚ್ಚಲಾಗಿ ಬಾಲಕನ ನಂಜು ನಿಂತಿತು. 1952ರಲ್ಲಿ ಪ್ರಕಟವಾದ ಈ ವೃತ್ತಾಂತದಿಂದ ಪ್ರತಿಕಾಯವನ್ನು ಅಳೆಯುವುದು ಪಂಡಿತರ ಕುತೂಹಲವಾಗಿ ಮಾತ್ರ ಉಳಿಯದೆ, ರೋಗಿಯ ಹಾಸಿಗೆಯ ಬಳಿಗೆ ಬಂದಿತು. ‘ಇಲ್ಲ’ವೆಂಬುದನ್ನು ಅಂದಿನ ಯಂತ್ರದಲ್ಲಿಯೇ ಕಣ್ಣಾರೆ ಕಾಣಬಹುದಾಗಿತ್ತು, ‘ಕಡಿಮೆ’ಯೆಂದು ಹೇಳುವುದಕ್ಕಾದರೋ, ಎಷ್ಟಿದ್ದರೆ ಸರಿ ಎಂಬುದು ಮೊದಲು ಗೊತ್ತಿರಬೇಕು. ತೊಡಕು ಇರುವುದೇ ಅಲ್ಲಿ.

ಅಳತೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ: ತೋಳಿನಿಂದ ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ಮೇಲೆ ನಿಲ್ಲುವ ಹೊಂಬಣ್ಣದ ತಿಳಿಯೇ ಸೀರಂ. 1965ರಲ್ಲಿ ಮಾನ್ಚೀನಿ ಮತ್ತು ಸಂಗಡಿಗರು ಪ್ರಚುರಪಡಿಸಿದ ವಿಧಾನದಲ್ಲಿ, ಮನುಷ್ಯನ ಐಜಿಜಿಯನ್ನು ಹಿಡಿಯಬಲ್ಲ ಪ್ರಾಣಿಮೂಲದ ಪ್ರತಿಸೀರಮ್ಮನ್ನು ಅಗರಿನ ಪಾಕದೊಳಕ್ಕೆ ಬೆರೆಸಿ ತಟ್ಟೆಯಲ್ಲಿ ಹೆಪ್ಪುಹಾಕುತ್ತಾರೆ. ಅದರಲ್ಲಿ ಸಣ್ಣ ಗುಳಿ ತೋಡಿ ರೋಗಿಯ ಸೀರಮ್ಮನ್ನು ಹನಿಸಿದರೆ, ಐಜಿಜಿಯು ಸುತ್ತಲೂ ಮೆಲ್ಲಮೆಲ್ಲನೆ ಹರಡುತ್ತ, ಪ್ರತಿಸೀರಮ್ಮಿನೊಡನೆ ಸಮಪ್ರಮಾಣದಲ್ಲಿ ಸಂಧಿಸಿದ ಕಡೆ ಬೆಳ್ಳಗೆ ಗರಣೆಗಟ್ಟಿ ಬಳೆಯಾಗಿ ನಿಲ್ಲುತ್ತದೆ. ಎರಡು ಮೂರು ದಿನಗಳ ಬಳಿಕ ಬಳೆಯ ವ್ಯಾಸವನ್ನು ಅಳೆಯುತ್ತಾರೆ. ಆ ವ್ಯಾಸದ ವರ್ಗವು ಐಜಿಜಿಯ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ. ಇಂದಿನ ದೊಡ್ಡ ಪ್ರಯೋಗಾಲಯಗಳಲ್ಲಿ ಈ ತಟ್ಟೆಯ ಜಾಗಕ್ಕೆ ನೆಫೆಲೋಮೀಟರ್ ಬಂದಿದೆ. ಪ್ರತಿಕಾಯವೂ ಪ್ರತಿಸೀರಮ್ಮೂ ಕೂಡಿ ದ್ರವವನ್ನು ಮಸಕುಗೊಳಿಸಿದಾಗ ಅದರ ಮೂಲಕ ಹಾಯಿಸಿದ ಬೆಳಕು ಎಷ್ಟು ಚದರುತ್ತದೆಂಬುದನ್ನು ಲೆಕ್ಕಹಾಕಿ ಅದು ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಅರಕಲಗೂಡಿನಂಥ ಊರಿನಲ್ಲಿ ರಕ್ತ ಕೊಟ್ಟರೂ ಮಾದರಿಯು ಸಾಮಾನ್ಯವಾಗಿ ಬೆಂಗಳೂರು ಮೈಸೂರುಗಳ ದೊಡ್ಡ ಪ್ರಯೋಗಾಲಯಕ್ಕೆ ಪ್ರಯಾಣ ಮಾಡಬೇಕಾಗುವುದು ಈ ಯಂತ್ರದ ಸಲುವಾಗಿಯೇ.

ಇನ್ನು ಎಷ್ಟಿರಬೇಕು ಎಂಬ ವಿಚಾರ. ಕ್ಯಾಲಿಫೋರ್ನಿಯದಲ್ಲಿ ಸ್ಟೀಮ್ ಮತ್ತು ಫ್ಯೂಡೆನ್‌ಬರ್ಗ್ ಎಂಬಿಬ್ಬರು ವೈದ್ಯರು ಮಾನ್ಚೀನಿಯ ತಟ್ಟೆಯ ಕ್ರಮವನ್ನೇ ಅನುಸರಿಸಿ, ಆರೋಗ್ಯವಂತರಾದ 296 ಮಕ್ಕಳ ಮತ್ತು 30 ಮಂದಿ ವಯಸ್ಕರ ಸೀರಮ್ಮನ್ನು ಅಳೆದು 1966ರಲ್ಲಿ ಒಂದು ಕೋಷ್ಟಕವನ್ನು ಪ್ರಕಟಿಸಿದರು. ಮಕ್ಕಳ ವೈದ್ಯದ ಪಠ್ಯಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತ ಬಂದ ಆ ಒಂದು ಪುಟದ ಕೋಷ್ಟಕವನ್ನು ನಿಧಾನವಾಗಿ ಓದಿದರೆ, ಮನುಷ್ಯ ಶಿಶುವಿನ ಮೊದಲ ವರ್ಷದ ಚರಿತ್ರೆಯೇ ಅಂಕಿಗಳ ರೂಪದಲ್ಲಿ ಕಣ್ಣಿಗೆ ಕಟ್ಟುತ್ತದೆ. ಆಗತಾನೆ ಹುಟ್ಟಿದ ಕೂಸಿನಲ್ಲಿ, ಒಂದು ಡೆಸಿಲೀಟರ್ ಸೀರಮ್ಮಿಗೆ, ಐಜಿಜಿ ಸರಾಸರಿ 1031 ಮಿಲಿಗ್ರಾಂ. ವಯಸ್ಕರದು 1158. ಕಣ್ಣು ಬಿಡುವ ಮೊದಲೇ ಕೂಸು ದೊಡ್ಡವರಿಗೆ ಸರಿದೊರೆಯಾಗಿ ನಿಂತಿತೆ? ಇಲ್ಲ, ಆ ಸಂಪತ್ತೆಲ್ಲ ತಾಯಿಯದು. ಗರ್ಭದ ಕಡೆಯ ಮೂರು ತಿಂಗಳಲ್ಲಿ ಮಾಸಿನ ಮೂಲಕ ತಾಯಿಯ ಐಜಿಜಿಯು ಕೂಸಿನ ರಕ್ತಕ್ಕೆ ಹರಿದು ಬರುತ್ತದೆ. ಹೀಗಾಗಿಯೇ ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಆ ಪಾಲು ಕಡಿಮೆ. ಐಜಿಎಂ ಮತ್ತು ಐಜಿಎಗಳಿಗೆ ಮಾಸನ್ನು ದಾಟುವ ದಾರಿಯಿಲ್ಲ; ಅದೇ ನವಜಾತ ಶಿಶುವಿನಲ್ಲಿ ಅವು ಕ್ರಮವಾಗಿ 11 ಮತ್ತು 2 ಮಿಲಿಗ್ರಾಂ ಮಾತ್ರ. ಹುಟ್ಟಿದ ಗಳಿಗೆಯಲ್ಲಿ ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಐಜಿಎಂ ಏರಿದ್ದರೆ ಅದು ತಾಯಿಯಿಂದ ಬಂದುದಾಗಿರಲಾರದು, ಗರ್ಭದಲ್ಲಿಯೇ ಮಗುವಿಗೆ ಸೋಂಕು ತಗುಲಿ ಮಗುವೇ ತಯಾರಿಸಿದ್ದಾಗಿರಬೇಕು ಎಂದು ವೈದ್ಯರು ಅನುಮಾನಿಸುವುದು ಈ ಆಧಾರದ ಮೇಲೆಯೇ.

ತಾಯಿಯ ಕೊಡುಗೆ ಅಕ್ಷಯವಲ್ಲ. ಐಜಿಜಿಯ ಅರ್ಧಾಯುಷ್ಯ ಮೂರು ವಾರ. ಎಂದರೆ ಮೂರು ಮೂರು ವಾರಕ್ಕೊಮ್ಮೆ ಅದು ಅರ್ಧಕ್ಕರ್ಧ ಕರಗುತ್ತ ಹೋಗುತ್ತದೆ. ಕೂಸು ತಾನೇ ತಯಾರಿಸತೊಡಗಿದ್ದರೂ ಆ ಗಳಿಕೆ ಈ ಖರ್ಚಿಗೆ ಸಾಲದು. ಒಂದರಿಂದ ಮೂರು ತಿಂಗಳ ಅವಧಿಯಲ್ಲಿ ಸರಾಸರಿ 430, ನಾಲ್ಕರಿಂದ ಆರನೆಯ ತಿಂಗಳಲ್ಲಿ 427: ಇದೇ ಪಾತಾಳ. ಅಲ್ಲಿಂದ ಮೇಲೇಳತೊಡಗಿ ವರ್ಷ ತುಂಬುವ ವೇಳೆಗೆ 661 ಆಗಿ, ಬಾಲ್ಯವೆಲ್ಲ ಏರುತ್ತ ಹೋಗಿ ವಯಸ್ಕರ ಮಟ್ಟವನ್ನು ಮುಟ್ಟುತ್ತದೆ. ಐಜಿಎಂ ಬೇಗ ಬೆಳೆಯುವುದು, ಐಜಿಎಯದು ಮಂದಗತಿ. ಮೂರರಿಂದ ಐದು ವರ್ಷದ ಮಗುವಿನಲ್ಲಿ ಐಜಿಎ 93 ಇದ್ದರೆ, ವಯಸ್ಕರಲ್ಲಿ ಅದು 200. ಹರೆಯ ಬರುವ ತನಕ ಅದು ಪೂರ್ಣವಾಗದು.

ನಮ್ಮ ಹಳ್ಳಿಗಳ ಅಜ್ಜಿಯರು ಹೇಳುತ್ತಿದ್ದ ಮಾತೊಂದು ಇಲ್ಲಿ ನೆನಪಿಗೆ ಬರುತ್ತದೆ: ಹಲ್ಲು ಬರುವ ಕಾಲಕ್ಕೆ ಮಗುವಿಗೆ ಜ್ವರ, ಭೇದಿ ಸಹಜ, ಹೆದರಬೇಡಿ ಎಂದು. ಅವರ ಅವಲೋಕನದಲ್ಲಿ ದೋಷವಿಲ್ಲ. ಆರನೆಯ ತಿಂಗಳ ಸುಮಾರಿಗೆ ಮಕ್ಕಳು ಕಾಯಿಲೆ ಬೀಳುವುದು ಹೆಚ್ಚೆಂಬುದು ನಿಜ. ಆದರೆ ಕಾರಣ ಹಲ್ಲಲ್ಲ. ತಾಯಿಯ ಐಜಿಜಿ ತೀರಿಹೋಗಿ ತನ್ನದಿನ್ನೂ ಕೂಡಿಬಾರದ ಕಾಲ, ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗಿಡುವ ಕಾಲ, ಅನ್ನಪ್ರಾಶನವಾಗಿ ಹೊರಗಿನ ಆಹಾರ ಹೊಟ್ಟೆ ಸೇರುವ ಕಾಲ, ಇವು ಮೂರೂ ಹಲ್ಲು ಮೂಡುವ ಕಾಲದೊಡನೆ ಕೂಡಿಕೊಂಡಿವೆ. ಕಣ್ಣಿಗೆ ಕಾಣುತ್ತಿದ್ದುದು ಹಲ್ಲೊಂದೇ ಆದುದರಿಂದ ಅಪವಾದವೂ ಅದರ ಮೇಲೆಯೇ ಬಂದಿತು. ಹೆರಿಗೆಯಾದ ಮೊದಲೆರಡು ದಿನಗಳ ಹಳದಿಯ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದ ರೂಢಿ ಮಾತ್ರ ಇಷ್ಟು ಸುಲಭವಾಗಿ ಕ್ಷಮಿಸತಕ್ಕದ್ದಲ್ಲ. ಕೂಸಿನ ರಕ್ತದಲ್ಲಿ ಎರಡೇ ಮಿಲಿಗ್ರಾಂ ಇರುವ ಐಜಿಎ ಆ ಹಾಲಿನಲ್ಲಿ ಹೇರಳವಾಗಿದ್ದು, ಕರುಳಿನ ಒಳಗೋಡೆಯನ್ನು ಕಾಯುತ್ತದೆ. ದನಕರುಗಳಲ್ಲಿ ವ್ಯವಸ್ಥೆ ಇನ್ನೂ ಬೇರೆ: ಹಸುವಿನ ಮಾಸು ಪ್ರತಿಕಾಯವನ್ನು ಬಿಟ್ಟುಕೊಡುವುದೇ ಇಲ್ಲವಾಗಿ, ಕರುವು ಬರಿಗೈಯಲ್ಲಿ ಹುಟ್ಟುತ್ತದೆ, ಅದಕ್ಕೆ ದೊರೆಯಬೇಕಾದ ಐಜಿಜಿಯೆಲ್ಲ ಈದ ಮೊದಲ ಕೆಲವು ಗಂಟೆಗಳಲ್ಲಿ ಕುಡಿಯುವ ಹಾಲಿನಿಂದಲೇ ರಕ್ತಕ್ಕೆ ಸೇರಬೇಕು. ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಸಿ ಸವಿಯುವ ನಾವು, ಕರುವಿನ ಪಾಲನ್ನು ಮೊದಲು ಕರುವಿಗೆ ಕುಡಿಸಿದೆವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಲಸಿಕೆಯ ಕಾಲನಿರ್ಣಯವೂ ಇದೇ ಏರಿಳಿತವನ್ನು ಹಿಡಿದು ನಡೆದಿದೆ. ಗರ್ಭಿಣಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಡುವುದು ಅವಳ ಐಜಿಜಿಯ ಮೂಲಕ ಕೂಸಿಗೂ ರಕ್ಷಣೆ ದೊರೆಯಲೆಂದು. ನಮ್ಮ ದೇಶದಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲವಾಯಿತೆಂದು 2015ರಲ್ಲಿ ಘೋಷಣೆಯಾದುದಕ್ಕೆ ಶುದ್ಧವಾದ ಹೆರಿಗೆಯೊಡನೆ ಇದೂ ಕಾರಣ. ದಡಾರದ ಲಸಿಕೆಯಲ್ಲಿ ಇದಕ್ಕೆ ವಿರುದ್ಧವಾದ ತೊಡಕು. ತಾಯಿಯಿಂದ ಬಂದ ದಡಾರ-ಪ್ರತಿಕಾಯವು ಲಸಿಕೆಯಲ್ಲಿರುವ ಸಜೀವ ವೈರಸ್ಸನ್ನೇ ಹೊಸಕಿಹಾಕಿ ಅದನ್ನು ವ್ಯರ್ಥಗೊಳಿಸೀತು. ಅದು ಇಳಿಯುವವರೆಗೆ ಕಾಯಬೇಕು. ಆದರೆ ಬಹಳ ಕಾದರೆ ದಡಾರವೇ ಮೊದಲು ಬಂದೀತು. ಈ ಇಕ್ಕಟ್ಟಿನ ನಡುವೆ ಆಯ್ದುಕೊಂಡದ್ದು ಒಂಬತ್ತು ತಿಂಗಳು ತುಂಬಿದ ದಿನ. ಅಂಗನವಾಡಿಗೆ ಮಗುವನ್ನು ಕರೆತರಲು ಆಶಾ ಕಾರ್ಯಕರ್ತೆ ಹೇಳಿ ಹೋಗುವ ಆ ದಿನಾಂಕದ ಹಿಂದೆ ಇಷ್ಟು ಗಣಿತವಿದೆ.

ಈಗ ಚೀಟಿಗೆ ಬರೋಣ. ಐದು ತಿಂಗಳ ಮಗುವಿನ ಐಜಿಜಿ 350 ಮಿಲಿಗ್ರಾಂ ಎಂದು ಬಂದಿದೆಯೆನ್ನಿ. ಪಕ್ಕದಲ್ಲಿ ವಯಸ್ಕರ ಮಿತಿ, ಸ್ಥೂಲವಾಗಿ 700ರಿಂದ 1600, ಅಚ್ಚಾಗಿದ್ದರೆ ಯಂತ್ರವು ನಿರ್ದಾಕ್ಷಿಣ್ಯವಾಗಿ ‘ಕಡಿಮೆ’ ಎಂದು ದಪ್ಪಕ್ಷರದಲ್ಲಿ ಗುರುತುಹಾಕುತ್ತದೆ. ತಂದೆತಾಯಿಗಳ ಎದೆ ಒಡೆಯುತ್ತದೆ. ವಾಸ್ತವದಲ್ಲಿ ಆ ವಯಸ್ಸಿಗೆ ಅದು ಸಹಜವಾದ ಅಂಕಿ. ಅದೇ 350 ನಲವತ್ತು ವರ್ಷದ ಗೃಹಸ್ಥನ ಚೀಟಿಯಲ್ಲಿದ್ದರೆ ಗಾಬರಿಪಡಬೇಕಾದ್ದೇ. ಕೆಲವು ಪ್ರಯೋಗಾಲಯಗಳು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿಯೂ, ಕೆಲವು ಲೀಟರಿಗೆ ಗ್ರಾಂ ಲೆಕ್ಕದಲ್ಲಿಯೂ ವರದಿ ಕೊಡುವುದರಿಂದ, ಒಂದೆಡೆ 1000 ಎಂದಿರುವುದು ಇನ್ನೊಂದೆಡೆ 10 ಎಂದಾಗುತ್ತದೆ. ಎರಡು ಊರಿನ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಮಗನ ಪ್ರತಿಕಾಯ ನೂರನೆಯ ಒಂದು ಪಾಲಿಗೆ ಕುಸಿಯಿತೆಂದು ಯಾರೂ ಕಣ್ಣೀರಿಡಬೇಕಾದುದಿಲ್ಲ.

‘ಸಹಜ ಮಿತಿ’ಯೆಂಬುದು ದೇವರು ಬರೆದಿಟ್ಟ ಗೆರೆಯಲ್ಲ. ಆರೋಗ್ಯವಂತರಾದ ಅನೇಕರ ರಕ್ತವನ್ನು ಅಳೆದು, ತುತ್ತತುದಿಯ ನೂರಕ್ಕೆ ಎರಡೂವರೆ ಮಂದಿಯನ್ನೂ ತಳದ ಎರಡೂವರೆ ಮಂದಿಯನ್ನೂ ಬಿಟ್ಟು, ನಡುವಣ ತೊಂಬತ್ತೈದು ಮಂದಿಯ ಹರಹಿಗೆ ಆ ಹೆಸರನ್ನಿಟ್ಟಿದ್ದಾರೆ. ಆದಕಾರಣ ಯಾವ ಕಾಯಿಲೆಯೂ ಇಲ್ಲದ ಇಪ್ಪತ್ತು ಮಂದಿಯಲ್ಲಿ ಒಬ್ಬನು ಲೆಕ್ಕದ ಪ್ರಕಾರವೇ ಗೆರೆಯ ಆಚೆಗೆ ಬೀಳುತ್ತಾನೆ. ಇಂಥ ಮಿತಿಯನ್ನು ನಂಬಿಕೆಗೆ ಯೋಗ್ಯವಾಗಿ ಗೊತ್ತುಪಡಿಸಲು ಒಂದೊಂದು ವಯೋವರ್ಗದಲ್ಲಿಯೂ ಕನಿಷ್ಠ 120 ಮಂದಿ ಬೇಕೆಂಬುದು ಇಂದಿನ ನಿಯಮ. 1966ರ ಕೋಷ್ಟಕದ ವಯಸ್ಕರು ಮೂವತ್ತೇ ಮಂದಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ಪಂಡಿತರನ್ನು ಹಳಿಯುವುದಕ್ಕಾಗಿ ಈ ಮಾತಲ್ಲ. ಆರೋಗ್ಯವಾಗಿ ಆಡಿಕೊಂಡಿರುವ ಹಸುಗೂಸಿನ ರಕ್ತವನ್ನು ಬರಿಯ ಲೆಕ್ಕಕ್ಕಾಗಿ ತೆಗೆಯಲು ಯಾವ ತಾಯಿಯೂ ಸುಲಭದಲ್ಲಿ ಒಪ್ಪಲಾರಳು, ಒಪ್ಪಬೇಕಾಗಿಯೂ ಇಲ್ಲ. ಆದರೆ ಕ್ಯಾಲಿಫೋರ್ನಿಯದ ಶಿಶುವನ್ನು ಅಳೆದು ಮಾಡಿದ ಕೋಲನ್ನು ಕಾವೇರಿಯ ದಡದ ಶಿಶುವಿನ ಪಕ್ಕಕ್ಕೆ ಹಿಡಿಯುವಾಗ ಒಂದಿಷ್ಟು ಸಂಕೋಚವಾದರೂ ಇರಬೇಕಲ್ಲವೆ?

ಈ ಸಂಕೋಚಕ್ಕೆ ಶಾಸ್ತ್ರೀಯವಾದ ಆಧಾರವೂ ಉಂಟು. ಪಶ್ಚಿಮ ಆಫ್ರಿಕದ ಗ್ಯಾಂಬಿಯದ ಗ್ರಾಮಸ್ಥರ ಪ್ರತಿಕಾಯವನ್ನು ಆರೋಗ್ಯವಂತ ಬ್ರಿಟಿಷ್ ವಯಸ್ಕರದರೊಡನೆ ಹೋಲಿಸಿ 1968ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗ್ಯಾಂಬಿಯದವರ ಐಜಿಜಿಯೂ ಐಜಿಎಮ್ಮೂ ಮೇಲ್ಮಟ್ಟದಲ್ಲಿದ್ದುವು. ಮಲೇರಿಯ ಮೊದಲಾದ ಸೋಂಕುಗಳೊಡನೆ ಹುಟ್ಟಿದಂದಿನಿಂದ ಹೋರಾಡಿದ ದೇಹವು ತನ್ನ ಶಸ್ತ್ರಾಗಾರವನ್ನು ದೊಡ್ಡದಾಗಿ ಇಟ್ಟುಕೊಳ್ಳುವುದು ಯುಕ್ತವೇ. ಐಜಿಇಯ ವಿಷಯದಲ್ಲಿ ಈ ಭೇದ ಇನ್ನೂ ಎದ್ದು ಕಾಣುತ್ತದೆ. ವಯಸ್ಕರಲ್ಲಿ ನೂರು ನೂರೈವತ್ತು ಯೂನಿಟ್ ಸಾಕೆಂದು ಚೀಟಿಯಲ್ಲಿ ಅಚ್ಚಾಗಿದ್ದರೂ, ಹೊಟ್ಟೆಯಲ್ಲಿ ಜಂತು ಮನೆಮಾಡಿಕೊಂಡವನಲ್ಲಿ ಅದು ಸಾವಿರವನ್ನು ದಾಟುವುದು ಅಪರೂಪವಲ್ಲ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುನಾಶಕ ಮಾತ್ರೆ ನುಂಗಿಸುವ ನಾಡಿನಲ್ಲಿ, ಐಜಿಇ ಏರಿದೆಯೆಂದ ಮಾತ್ರಕ್ಕೆ ಅಲರ್ಜಿಯೆಂದು ತೀರ್ಮಾನಿಸಿ ಹಾಲು ಮೊಟ್ಟೆಗಳನ್ನು ನಿಲ್ಲಿಸುವ ಮೊದಲು ಜಂತಿನ ವಿಚಾರವನ್ನೂ ಕೇಳಬೇಕು.

ಪ್ರತಿಕಾಯದ ಒಟ್ಟು ಪ್ರಮಾಣವನ್ನು ಅಳೆಯುವುದು ಒಂದು ಕೆಲಸ. ಇಂಥದೇ ರೋಗಾಣುವಿಗೆ ಪ್ರತಿಕಾಯ ಇದೆಯೆ ಎಂದು ನೋಡುವುದು ಬೇರೊಂದು. ಕರ್ನಾಟಕದಲ್ಲಿ ಜನರ ಬಾಯಲ್ಲಿ ಹರಿದಾಡಿದ್ದು ಎರಡನೆಯದು. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ವಯಸ್ಕರ ರಕ್ತವನ್ನೂ ಗಂಟಲ ದ್ರವವನ್ನೂ ಪರೀಕ್ಷಿಸಿ, ನೂರಕ್ಕೆ ಸುಮಾರು ಇಪ್ಪತ್ತೇಳು ಮಂದಿಗೆ ಕೊರೋನಾ ತಗುಲಿ ಹೋಗಿದೆ ಅಥವಾ ತಗುಲಿದೆ ಎಂದು ಸರ್ಕಾರ ಪ್ರಕಟಿಸಿದಾಗ, ಸೀರಮ್ಮಿನ ಸಮೀಕ್ಷೆಯೆಂಬ ಮಾತು ಮನೆಮಾತಾಯಿತು. ಆದರೆ ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. 1952ರಲ್ಲಿ ಪುಣೆಯಲ್ಲಿ ಪ್ರಾರಂಭವಾದ ವೈರಸ್ ಸಂಶೋಧನ ಕೇಂದ್ರದವರು ದೇಶದ ನಾನಾ ಭಾಗದ ನಿವಾಸಿಗಳ ಸೀರಮ್ಮನ್ನು ಪರೀಕ್ಷಿಸುತ್ತಿದ್ದಾಗ, ರಷ್ಯದ ಉಣ್ಣೆಹುಳುವಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಎದುರಾದ ಪ್ರತಿಕಾಯವನ್ನು ಸೌರಾಷ್ಟ್ರದ ಕೆಲವರಲ್ಲಿ ಕಂಡಿದ್ದರು. ಅಂಥ ರೋಗ ಭಾರತದಲ್ಲಿ ಇದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಣ ಹಳ್ಳಿಗರು ಜ್ವರದಿಂದ ಮಲಗಿದಾಗ ಪತ್ತೆಯಾದ ವೈರಸ್ಸು ಆ ರಷ್ಯದ ಮನೆತನದ್ದೇ ಆಗಿತ್ತು.

ರೋಗಿಯ ಮಟ್ಟಿಗೂ ಈ ಭೇದ ಮುಖ್ಯ. ಐಜಿಜಿಯ ಮೊತ್ತವೆಲ್ಲ ಸರಿಯಾಗಿದ್ದೂ, ಕೊಟ್ಟ ಲಸಿಕೆಗೆ ಪ್ರತಿಕಾಯ ಹುಟ್ಟದ ಮಕ್ಕಳಿರುತ್ತಾರೆ. ಆದುದರಿಂದ ಅನುಮಾನ ಬಲವಾಗಿದ್ದರೆ ತಜ್ಞರು ಮೊತ್ತದ ಜೊತೆಗೆ ಧನುರ್ವಾಯುವಿನಂಥ ಒಂದೆರಡು ಲಸಿಕೆಗಳ ಪ್ರತಿಕಾಯವನ್ನೂ ಅಳೆಯಿಸುತ್ತಾರೆ.

ಹಾಗಾದರೆ ಯಾರು ಈ ಪರೀಕ್ಷೆ ಮಾಡಿಸಬೇಕು? ಮಳೆಗಾಲದಲ್ಲಿ ಎರಡು ಸಲ ನೆಗಡಿಯಾಯಿತೆಂದು ಯಾರೂ ಓಡಬೇಕಾದುದಿಲ್ಲ. ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ನೆಗಡಿಯೇ ಒಂದು ಪಾಠ. ವರ್ಷದೊಳಗೆ ಎರಡು ಬಾರಿ ನ್ಯುಮೋನಿಯ, ಪದೇ ಪದೇ ಕಿವಿ ಸೋರುವುದು, ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಟ್ಟರೂ ಗುಣವಿಲ್ಲದಿರುವುದು, ತೂಕ ಏರದಿರುವುದು, ಕುಟುಂಬದಲ್ಲಿ ಗಂಡುಕೂಸುಗಳು ಸೋಂಕಿನಿಂದ ತೀರಿಕೊಂಡ ಚರಿತ್ರೆ, ಇವು ಲಕ್ಷಿಸತಕ್ಕ ಸೂಚನೆಗಳು. ಕಡೆಯದನ್ನು ಹೇಳಲು ಕಾರಣವೇನೆಂದರೆ, ಬ್ರೂಟನ್ನನು ವರ್ಣಿಸಿದ ರೋಗವು ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿಯತಕ್ಕದ್ದು. ದೊಡ್ಡ ಪರೀಕ್ಷೆಗೆ ಮೊದಲು, ತಾಲ್ಲೂಕು ಕೇಂದ್ರದಲ್ಲಿಯೂ ದೊರೆಯುವ ಯಕೃತ್ತಿನ ಸಾಧಾರಣ ಪರೀಕ್ಷೆಯೇ ಒಂದು ಸುಳಿವನ್ನು ಕೊಡಬಲ್ಲದು. ಅದರಲ್ಲಿ ಒಟ್ಟು ಪ್ರೋಟೀನಿನಿಂದ ಆಲ್ಬುಮಿನ್ನನ್ನು ಕಳೆದರೆ ಉಳಿಯುವುದು ಗ್ಲಾಬ್ಯುಲಿನ್. ವಯಸ್ಕನಲ್ಲಿ ಅದು ಡೆಸಿಲೀಟರಿಗೆ ಎರಡು ಗ್ರಾಂಗಿಂತ ಕೆಳಗಿದ್ದರೆ ಪ್ರತಿಕಾಯವೂ ಕಡಿಮೆಯಿರಬಹುದು. ಯಾರೂ ಕಣ್ಣೆತ್ತಿ ನೋಡದ ಆ ಸಾಲನ್ನು ನೋಡುವ ಅಭ್ಯಾಸ ವೈದ್ಯರಲ್ಲಿ ಬೆಳೆದರೆ ಲೇಸು. ಕಡಿಮೆಯಾಗುವುದಕ್ಕೆ ಹುಟ್ಟುದೋಷವೊಂದೇ ಕಾರಣವೂ ಅಲ್ಲ. ಮೂತ್ರಪಿಂಡದ ಬೇನೆಯಲ್ಲಿ ಐಜಿಜಿ ಮೂತ್ರದೊಡನೆ ಸೋರಿಹೋಗುತ್ತದೆ, ಬಿ-ಕಣಗಳನ್ನು ನಾಶಮಾಡುವ ಕೆಲವು ಔಷಧಿಗಳಿಂದಲೂ ಕುಗ್ಗುತ್ತದೆ.

ನಿಜವಾದ ಕೊರತೆಯಿರುವವರಿಗೆ, ಸಾವಿರಾರು ದಾನಿಗಳ ರಕ್ತದಿಂದ ಶೋಧಿಸಿದ ಐಜಿಜಿಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಅರ್ಧಾಯುಷ್ಯ ಮೂರು ವಾರವೆಂದೆವಲ್ಲ, ಅವಧಿ ಗೊತ್ತಾದುದು ಅದರಿಂದ. ಚಿಕಿತ್ಸೆ ದುಬಾರಿ, ಬಹುಮಟ್ಟಿಗೆ ಜೀವಾವಧಿ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯಲ್ಲಿ ಇಂಥ ರೋಗಿಗಳಿಗೂ ಸ್ಥಾನವಿದ್ದು, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ಆ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿ ಕೆಲಸಮಾಡುತ್ತಿವೆ. ಆದರೆ ಶೈಶವದಲ್ಲಿ ಐಜಿಜಿ ಕಡಿಮೆಯೆಂದು ಕಂಡ ಎಲ್ಲ ಮಕ್ಕಳೂ ಆ ಬಾಗಿಲನ್ನು ತಟ್ಟಬೇಕಾಗಿ ಬರುವುದಿಲ್ಲ. ಕೆಲವರಲ್ಲಿ ಆರನೆಯ ತಿಂಗಳ ಆ ಇಳಿತವೇ ಸ್ವಲ್ಪ ಆಳವಾಗಿ, ಸ್ವಲ್ಪ ದೀರ್ಘವಾಗಿರುತ್ತದೆ. ಎರಡರಿಂದ ನಾಲ್ಕು ವರ್ಷದೊಳಗೆ ತಾನೇ ತಾನಾಗಿ ಸರಿಹೋಗುತ್ತದೆ. ಅಂಥ ಮಗು ಯಾವುದು, ಬ್ರೂಟನ್ನನ ಬಾಲಕನಂಥದು ಯಾವುದು ಎಂದು ಮೊದಲ ಚೀಟಿಯೊಂದರಿಂದಲೇ ಹೇಳುವುದು ಕಷ್ಟ. ಬಿ-ಕಣಗಳ ಎಣಿಕೆ ಮಾಡಿಸಿ, ಅವು ಇವೆಯೆಂದು ಖಚಿತವಾದ ಮೇಲೆ, ಆರು ತಿಂಗಳು ಬಿಟ್ಟು ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಮತ್ತೊಮ್ಮೆ ಅಳೆಯಿಸಿ ಎಂದು ವೈದ್ಯರು ಹೇಳಿ ಕಳುಹಿಸುತ್ತಾರೆ.